ಎರಡನೇ ಬೊಗಸೆ

ಕೇಳ್ರಪ್ಪಾ, ಕೇಳ್ರವ್ವಾ. ನಾನು ಹೇಳುತ್ತಾ ಹೋಗುತ್ತೇನೆ, ನೀವು ಹೂಂ ಅನ್ನುತ್ತಾ ಬನ್ನಿ. ಹೂಂ ಅನ್ನದೆ ತೂಕಡಿಸುವವರ ಕಡೆ ನಾನು ತಿರುಗಿಯೂ ನೋಡುವುದಿಲ್ಲ. ಈ ಕಥೆಯಲ್ಲಿ ಒಂದೇ ಒಂದು ಕಡೆ ಹೂಂ ಅನ್ನಬಾರದು. ಅದು ಬಂದಾಗ ನಾನೇ ಹೇಳುತ್ತೇನೆ.

ಬೆಟ್ಟಗಳ ಮಗ್ಗುಲಲ್ಲಿ ಒಂದು ರಾಜ್ಯ. ಆ ರಾಜ್ಯಕ್ಕೆ ಬೊಪ್ಪರಸ ಅಂತ ಒಬ್ಬ ದೊರೆ. ಅಲ್ಲಿ ಹೊಳೆಗಳಿಗೇನೂ ಕೊರತೆಯಿಲ್ಲ. ಒಂದು ಬಂಡೆ ಹಾರಿ ಬರುತ್ತದೆ, ಒಂದು ಕಾಡೊಳಗೆ ನುಸುಳಿ ಬರುತ್ತದೆ, ಇನ್ನೊಂದು ಎಲ್ಲಿಂದ ಬರುತ್ತದೋ ಯಾರಿಗೂ ಗೊತ್ತಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ದೊರೆಯಾದವನು ಒಂದು ಒಳ್ಳೆಯ ಹೊಳೆಗೆ ಹೋಗಿ ಗರಿಗಾಳ ಹಾಕಬೇಕು. ಗರಿಗಾಳ ಅಂದರೆ ಗೊತ್ತೇ? ಎರೆಹುಳ ಚುಚ್ಚುವುದಲ್ಲ, ಹಿಟ್ಟಿನುಂಡೆ ಮೆತ್ತುವುದಲ್ಲ. ಚಿಕ್ಕ ಕೊಕ್ಕೆಗೆ ಹುಂಜದ ಕತ್ತಿನ ಗರಿ ಸುತ್ತಿ, ನವಿಲುಗರಿಯ ಒಂದು ಎಳೆ ಸೇರಿಸಿ, ರೇಷ್ಮೆ ದಾರ ಬಿಗಿದು, ಥೇಟ್ ನೊಣದ ಹಾಗೆ ಮಾಡುವುದು. ಅದನ್ನು ನೀರಿನ ಮೇಲೆ ನೊಣ ಕೂತ ಹಾಗೇ ಕೂರಿಸುವುದು. ಮೀನು ತಾನಾಗಿ ಎದ್ದು ಬಂದು ಕಚ್ಚಬೇಕು. ಬಂದರೆ, ಹೊಳೆ ಆ ದೊರೆಯನ್ನು ಒಪ್ಪಿತು ಅಂತ ಜನ ತಿಳಿಯುತ್ತಿದ್ದರು. ದೊರೆ ಆ ಮೀನಿನ ಹಣೆಗೆ ಅರಿಶಿನ ಹಚ್ಚಿ ಮತ್ತೆ ನೀರಿಗೆ ಬಿಡುತ್ತಿದ್ದ. ಬೊಪ್ಪರಸನ ಅಪ್ಪ ಒಂದೇ ಒಂದು ಮೀನಿಗಾಗಿ ಬೆಳಗಿನಿಂದ ಸಂಜೆಯ ತನಕ ಮೊಣಕಾಲುದ್ದ ನೀರಿನಲ್ಲಿ ನಿಂತದ್ದುಂಟು.

ಸರಿ, ಒಳ್ಳೆಯ ಹೊಳೆ ಯಾವುದು? ಅದನ್ನು ಆರಿಸುವವನು ಬೆಸ್ತರ ಕೆಂಚಯ್ಯ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು, ತಾತನೂ ಅದೇ. ಕೆಂಚಯ್ಯ ಹೊಳೆಗೆ ಇಳಿದರೆ ಮೊದಲು ತಳದ ಒಂದು ಕಲ್ಲು ಎತ್ತಿ ಅದರ ಹೊಟ್ಟೆ ನೋಡುತ್ತಿದ್ದ. ಅಲ್ಲಿ ಹುಳುಹುಪ್ಪಟೆ ಗಿಜಿಗುಟ್ಟುತ್ತಿದ್ದರೆ ಮೀನಿಗೆ ಊಟವಿದೆ ಅಂತ ಅರ್ಥ. ಆಮೇಲೆ ಒಂದು ಹಿಡಿ ಅರಳು ತೇಲಿಬಿಟ್ಟು ಸೆಳವು ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಸುತ್ತುತ್ತದೆ ಅಂತ ನೋಡುತ್ತಿದ್ದ. ಕೊನೆಗೆ ದಡದಲ್ಲಿ ಕೂತು ಮಿಂಚುಳ್ಳಿಗೆ ಕಾಯುತ್ತಿದ್ದ. ಆ ನೀಲಿ ಹಕ್ಕಿ ಬಂದು, ಮುಳುಗಿ, ಬಾಯಲ್ಲಿ ಮೀನಿಟ್ಟುಕೊಂಡು ಎದ್ದರೆ, “ಇದು ಒಳ್ಳೇ ಹೊಳೆ” ಅಂತ ಹೆಗಲ ವಸ್ತ್ರ ಕೊಡವಿ ಏಳುತ್ತಿದ್ದ.

ಇಷ್ಟೇ ಅಲ್ಲ, ಇನ್ನೊಂದಿದೆ. ಹೊಳೆ ಆರಿಸಿದವನು ಗಾಳ ನೀರಿಗೆ ಬೀಳುವ ಮೊದಲು ಒಂದು ಬೊಗಸೆ ನೀರು ಕುಡಿಯಬೇಕು. ಗಾಳ ಎತ್ತಿದ ಮೇಲೆ ಇನ್ನೊಂದು ಬೊಗಸೆ ಕುಡಿಯಬೇಕು. ಮೊದಲನೆಯದು, “ಅವ್ವಾ, ನಿನ್ನ ನಂಬಿ ಬಂದಿದೀನಿ” ಅಂತ. ಎರಡನೆಯದು, “ಅವ್ವಾ, ನಿನ್ನ ಕೆಡಿಸಿ ಹೋಗ್ತಿಲ್ಲ” ಅಂತ. ಈ ಎರಡನೇ ಬೊಗಸೆಯನ್ನು ನೆನಪಿಟ್ಟುಕೊಳ್ಳಿ.

ಕೆಂಚಯ್ಯನಿಗೆ ಹೆಂಡತಿ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಪುಟ್ಟೀರಿ. ಗರಿಗಾಳ ಕಟ್ಟುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳು ಆ ಸೀಮೆಯಲ್ಲಿ ಇರಲಿಲ್ಲ. ಅವಳು ಕಟ್ಟಿದ ನೊಣವನ್ನು ಹಲ್ಲಿ ಬಂದು ನುಂಗಲು ನೋಡಿತ್ತಂತೆ! ನೇರಳೆಹೊಳೆ ದಡದ ಊರಿಗೆ ಅವಳನ್ನು ಕೊಟ್ಟಿದ್ದರು. ಗಂಡ ಜವರ, ದೊರೆಯ ಪಲ್ಲಕ್ಕಿ ಹೊರುವ ಬೋಯಿಗಳಿಗೆ ಮುಂದಾಳು.

ಇತ್ತ ಬೊಪ್ಪರಸನ ಕಥೆ ನೋಡಿ. ಪಟ್ಟಕ್ಕೆ ಬಂದ ಮೊದಲ ವರ್ಷ ಗರಿಗಾಳ ಹಾಕಿದ. ಮೀನು ಬರಲಿಲ್ಲ. ಮರುವರ್ಷ ಹಾಕಿದ. ಬರಲಿಲ್ಲ. ಬರುವುದಾದರೂ ಹೇಗೆ? ನೊಣ ಕೂತ ಹಾಗೆ ಕೂರಿಸುವುದು ಬಿಟ್ಟು, ಅಗಸ ಬಟ್ಟೆ ಒಗೆದ ಹಾಗೆ ನೀರಿಗೆ ಬಡಿಯುತ್ತಿದ್ದ. ಜನ ಏನೂ ಅನ್ನಲಿಲ್ಲ, ಸುಮ್ಮನೆ ಮನೆಗೆ ಹೋದರು. ಆ ಸುಮ್ಮನಿರುವಿಕೆಯೇ ದೊರೆಯ ಹೊಟ್ಟೆಯಲ್ಲಿ ಉರಿಯಿತು. ಅಪ್ಪ ಕಲಿತಂತೆ ಕಲಿಯೋಣ, ಕಾಯೋಣ ಅಂತ ಅವನಿಗೆ ಅನಿಸಲಿಲ್ಲ. ತನ್ನ ಆಪ್ತಸೇವಕ ಮಾಚಿಗನನ್ನು ಒಳಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದ.

ಮೂರನೆಯ ವರ್ಷ ಕೆಂಚಯ್ಯ ಸೀಗೆಹೊಳೆಯನ್ನು ಆರಿಸಿದ. ಕಲ್ಲಿನ ಹೊಟ್ಟೆ ತುಂಬ ಹುಳು, ದಡದ ತುಂಬ ನೆರಳು. ಮೊದಲ ಬೊಗಸೆ ಕುಡಿದ. ಎಳನೀರಿನ ಹಾಗೆ ಸಿಹಿ. ದೊರೆ ನೀರಿಗಿಳಿದು ಕೈ ಎತ್ತಿದ, ಕೊಂಬು ಊದಿದರು, ಗರಿಗಾಳ ಬಿತ್ತು. ಸ್ವಲ್ಪ ಹೊತ್ತಾಯಿತು. ಒಂದು ಮೀನು ಮೇಲೆ ಬಂತು. ಹಿಂದೆಯೇ ಹತ್ತು ಬಂದವು. ಆಮೇಲೆ ಎಣಿಸುವ ಹಾಗೇ ಇರಲಿಲ್ಲ. ದೊರೆ ಬಾಚಿ ಬಾಚಿ ಬುಟ್ಟಿಗೆ ತುಂಬಿದ. ಕಚ್ಚಿ ಬಂದವೋ ಇಲ್ಲವೋ ಯಾರೂ ನೋಡಲಿಲ್ಲ, ಅರಿಶಿನ ಹಚ್ಚಿ ಬಿಡುವುದೂ ಯಾರಿಗೂ ನೆನಪಾಗಲಿಲ್ಲ, ಜನ ಹುಚ್ಚೆದ್ದು ಕುಣಿದರು. “ಹೊಳೆ ಒಪ್ಪಿತು! ಹೊಳೆ ಒಪ್ಪಿತು!”

ಕೆಂಚಯ್ಯ ಎರಡನೇ ಬೊಗಸೆಗೆ ಬಗ್ಗಿದ. ದೊರೆ ಅವನ ಹೆಗಲು ಹಿಡಿದ.

“ಅದೆಲ್ಲ ಇರಲಿ ಬಾರೋ ಕೆಂಚ. ನೀನು ನನ್ನ ರಾಜ್ಯದ ಕಣ್ಣು ಕಣೋ. ಬಾ, ನನ್ನ ಪಕ್ಕದಲ್ಲಿ ನಿಂತ್ಕೋ.”

ಹುಟ್ಟಿದಾಗಿನಿಂದ ಯಾವ ದೊರೆಯ ಪಕ್ಕದಲ್ಲೂ ನಿಲ್ಲದವನು ಕೆಂಚಯ್ಯ. ಎದೆ ಉಬ್ಬಿತು. ಬೊಗಸೆ ಮರೆತು ಹೋಗಿ ನಿಂತ.

ಮನೆಗೆ ಬರುವ ದಾರಿಯಲ್ಲಿ ಸೀಗೆ ಮೆಳೆಯ ಮೇಲೆ ಮಿಂಚುಳ್ಳಿ ಕೂತಿತ್ತು. ಆ ಕಾಲದಲ್ಲಿ ಹಕ್ಕಿಗಳು ಮಾತಾಡುತ್ತಿದ್ದವು, ಕೇಳಿಸಿಕೊಳ್ಳುವವರು ಆಗಲೂ ಕಡಿಮೆಯೇ.

“ಕೆಂಚಣ್ಣ,” ಅಂದಿತು ಹಕ್ಕಿ, “ಮೇಲಿನ ತಿರುವಿನಲ್ಲಿ ಒಬ್ಬ ಮೂಟೆ ಬಿಚ್ಚಿ ಏನೋ ಪುಡಿ ಸುರಿದ. ನೀರು ಕಹಿಯಾಯ್ತು. ಎರಡನೇ ಬೊಗಸೆ ಕುಡಿದಿದ್ರೆ ನಿನ್ನ ನಾಲಿಗೇಗೇ ಗೊತ್ತಾಗ್ತಿತ್ತು.”

“ಹೋಗೇ ಹೋಗೇ,” ಅಂದ ಕೆಂಚಯ್ಯ. “ನಿನ್ನ ಪಾಲಿನ ಮೀನು ದೊರೆಗೆ ಹೋಯ್ತು ಅಂತ ಹೊಟ್ಟೆಕಿಚ್ಚು ನಿಂಗೆ.”

ಆಮೇಲೆ ಸೀಗೆಹೊಳೆ ಕಡೆಯಿಂದ ಸುದ್ದಿ ಬಂತು. ನೀರು ಕುಡಿದ ದನ ಸತ್ತವಂತೆ. ದಡದ ಮನೆಗಳಲ್ಲಿ ಎರಡು ಕೂಸು ಹೋದವಂತೆ. ಯಾವುದೋ ರೋಗ ಅಂದರು ಅರಮನೆಯವರು. ರೋಗವೇ ಇರಬೇಕು ಅಂದುಕೊಂಡ ಕೆಂಚಯ್ಯ. ಹಾಗೆ ಅಂದುಕೊಳ್ಳುವುದು ಅವನಿಗೆ ಸುಲಭವಾಗಿತ್ತು.

ಮಾರನೇ ವರ್ಷ ದೊರೆ ಹೇಳಿ ಕಳಿಸಿದ, “ಕೆಂಚ, ಈ ಸಲ ಇನ್ನೂ ಒಳ್ಳೇ ಹೊಳೆ ಬೇಕು. ಜನರ ಎದುರು ನಿನಗೆ ಶಾಲು ಹೊದಿಸ್ತೀನಿ.”

ಶಾಲು! ಕೆಂಚಯ್ಯ ಯೋಚಿಸಿದ. ಶಾಲು ಹೊದಿಸುವುದನ್ನು ಮಗಳು ನೋಡದಿದ್ದರೆ ಅದರಲ್ಲಿ ಏನು ಸುಖ? ಪುಟ್ಟೀರಿ ಈಗ ತುಂಬು ಬಸುರಿ. ಸೀಮಂತಕ್ಕೆ ತೊಡಿಸಿದ ಹಸಿರು ಬಳೆ ಎರಡೂ ಕೈಯಲ್ಲಿ ಘಲ್ ಅನ್ನುತ್ತಿವೆ. ದೂರ ನಡೆಯಲಾರಳು. ಹಾಗಾದರೆ ಅವಳ ಊರಿನ ನೇರಳೆಹೊಳೆಯೇ ಆಗಲಿ. ಅದೇನು ಕೆಟ್ಟ ಹೊಳೆಯಲ್ಲ. ಕಲ್ಲು ಎತ್ತಿ ನೋಡಿದ, ಹುಳುವಿತ್ತು. ಅರಳು ಬಿಟ್ಟು ನೋಡಿದ, ಸೆಳವು ಚೆನ್ನಾಗಿತ್ತು. ದಡದಲ್ಲಿ ಕೂತ. ಮಿಂಚುಳ್ಳಿ ಬಂತು, ಆದರೆ ಮುಳುಗಲಿಲ್ಲ. ಕೊಂಬೆಯ ಮೇಲೆ ಕೂತು ಅವನನ್ನೇ ನೋಡಿತು.

“ಕೆಂಚಣ್ಣ, ಸೀಗೆಹೊಳೆ ಬಿಟ್ಟು ಇಲ್ಲಿಗೆ ಬಂದಿದೀನಿ. ಈ ದಡದ ಮಣ್ಣಿನ ಬಿಲದಲ್ಲಿ ನನ್ನ ಮರಿಗಳಿವೆ. ಆ ದೊರೇನ ಇಲ್ಲಿಗೆ ಕರ್ಕೊಂಡು ಬರಬೇಡ.”

“ಒಂದೇ ಒಂದು ದಿನ ಕಣೇ,” ಅಂದ ಕೆಂಚಯ್ಯ, ಬೇಡಿಕೊಂಡ ಹಾಗೆ. “ನನ್ನ ಮಗಳು ನೋಡ್ತಾಳೆ.”

ಹಕ್ಕಿ ಹಾರಿಹೋಯಿತು.

ಆ ದಿನ ಬಂತು. ಊರಿಗೆ ಊರೇ ದಡದಲ್ಲಿ ಸೇರಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಪುಟ್ಟೀರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಕೆಂಚಯ್ಯ ಮೊದಲ ಬೊಗಸೆ ಕುಡಿದ. ಕೊಂಬು ಊದಿದರು. ದೊರೆ ಗರಿಗಾಳ ಬಡಿದ. ಮೀನು ಬಂದವು, ಹಿಂದಿನ ಸಲಕ್ಕಿಂತ ಜಾಸ್ತಿ ಬಂದವು. “ಹೊಳೆ ಒಪ್ಪಿತು! ಹೊಳೆ ಒಪ್ಪಿತು!”

ಕೆಂಚಯ್ಯ ಎರಡನೇ ಬೊಗಸೆ ತುಂಬಿಕೊಂಡ. ಇನ್ನೇನು ಬಾಯಿಗೆ ಇಡಬೇಕು, ಅಷ್ಟರಲ್ಲಿ ದೊರೆ ಕೂಗಿದ, “ಸಾಕು ಬಾರೋ, ಶಾಲು ಕಾಯ್ತಿದೆ!” ಕೆಂಚಯ್ಯ ತಲೆಯೆತ್ತಿ ನೋಡಿದ. ಮಗಳು ನಗುತ್ತಿದ್ದಳು. ಅವನು ಬೊಗಸೆ ಬಿಚ್ಚಿದ. ನೀರು ಬೆರಳ ಸಂದಿಯಿಂದ ಇಳಿದುಹೋಯಿತು. ಓಡಿಹೋಗಿ ಬೆನ್ನು ಬಗ್ಗಿಸಿದ, ದೊರೆ ಶಾಲು ಹೊದಿಸಿದ. ಕೆಂಪು ಅಂಚಿನ ಶಾಲು, ಎಷ್ಟು ಮೆತ್ತಗಿತ್ತು ಗೊತ್ತೇ.

ಇಲ್ಲಿ ಹೂಂ ಅನ್ನಬೇಡಿ.

ಪುಟ್ಟೀರಿ ಅಪ್ಪನ ಕೈಯಿಂದ ನೀರು ಜಾರಿದ್ದನ್ನು ನೋಡಿದ್ದಳು. ಹೊಳೆ ಆರಿಸುವವನ ಮಗಳು ಅವಳು. ಆ ಬೊಗಸೆ ತಪ್ಪಿದರೆ ಹೊಳೆಗೆ ಕೊಟ್ಟ ಮಾತು ತಪ್ಪಿದ ಹಾಗೆ ಅಂತ ಅವಳಿಗೆ ಗೊತ್ತಿತ್ತು. “ಅಪ್ಪಯ್ಯಂಗೆ ಖುಷೀಲಿ ಮರೆತೇಹೋಯ್ತು. ಅಪ್ಪಯ್ಯನ ಪಾಲಿಂದು ನಾನೇ ಕುಡೀತೀನಿ” ಅಂತ ಪಕ್ಕದವಳಿಗೆ ಹೇಳಿ, ಕಷ್ಟಪಟ್ಟು ಕೂತು, ಹಸಿರು ಬಳೆಯನ್ನು ಹಿಂದಕ್ಕೆ ಸರಿಸಿ, ಬೊಗಸೆ ತುಂಬ ನೀರೆತ್ತಿ ಕುಡಿದಳು.

ಕೆಂಚಯ್ಯ ಶಾಲು ಹೊದ್ದು ಮಗಳ ಹತ್ತಿರ ಬಂದಾಗ ಅವಳು ಮುಖ ಕಿವುಚಿಕೊಂಡು ಕೂತಿದ್ದಳು.

“ಕಹಿ, ಅಪ್ಪಯ್ಯ,” ಅಂದಳು. “ನಮ್ಮ ಹೊಳೆ ನೀರು ಯಾವತ್ತೂ ಹಿಂಗಿರಲಿಲ್ಲ.”

ಹೊತ್ತು ಮುಳುಗುವುದರೊಳಗೆ ಪುಟ್ಟೀರಿ ಇರಲಿಲ್ಲ. ಅವಳ ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ. ಜವರ ಪಲ್ಲಕ್ಕಿಯನ್ನು ಅರಮನೆಗೆ ಮುಟ್ಟಿಸಿ ವಾಪಸ್ಸು ಬರುವಷ್ಟರಲ್ಲಿ ಅವಳಿಗೆ ಹೊದಿಸಿ ಆಗಿತ್ತು. ಹೊದಿಸಿದ್ದು ಅದೇ ಕೆಂಪು ಅಂಚಿನ ಶಾಲು. ಬೇರೆ ಬಟ್ಟೆ ತರಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಈಗ ಹೂಂ ಅನ್ನಿ. ಮುಂದೆ ಹೇಳಬೇಕು, ಹೇಳದೆ ನನಗೂ ಬೇರೆ ದಾರಿಯಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕೆಂಚಯ್ಯ ಊರ ಚಾವಡಿಯ ಮುಂದೆ ಬಂದ. ದೊರೆ ಹಂಚಲು ಬಿಟ್ಟುಹೋದ ಮೀನಿನ ರಾಶಿ ಅಲ್ಲಿತ್ತು. ಊರಿನಲ್ಲಿ ಸಾವಾಗಿದ್ದರಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಕೆಂಚಯ್ಯ ಒಂದು ಮೀನೆತ್ತಿ ತುಟಿ ಬಿಡಿಸಿ ನೋಡಿದ. ಕೊಕ್ಕೆಯ ಗಾಯವಿಲ್ಲ. ಇನ್ನೊಂದು ನೋಡಿದ, ಇಲ್ಲ. ಮತ್ತೊಂದು ನೋಡಿದ, ಇಲ್ಲ. ರಾಶಿಯಲ್ಲಿ ಒಂದೇ ಒಂದು ಮೀನಿಗೂ ತುಟಿ ಹರಿದಿರಲಿಲ್ಲ. ಮಗಳು ಅಷ್ಟು ನಾಜೂಕಾಗಿ ಕಟ್ಟಿಕೊಟ್ಟ ಗರಿಗಾಳವನ್ನು ಯಾವ ಮೀನೂ ಮುಟ್ಟಿಯೇ ಇರಲಿಲ್ಲ.

ಅಲ್ಲೇ ಕುಸಿದು ಕೂತ. ಎದೆ ಬಡಿದುಕೊಂಡು ಅತ್ತ. “ಅಯ್ಯೋ ನನ್ನವ್ವಾ! ಹೊಳೆ ಹುಡುಕಿ ಕೊಟ್ಟೋನು ನಾನೇ. ಬೊಗಸೆ ಚೆಲ್ಲಿದೋನೂ ನಾನೇ. ನಾನು ಕುಡಿದಿದ್ರೆ ನೀನು ಉಳೀತಿದ್ದೆ.”

ಜವರ ಬಂದು ಪಕ್ಕದಲ್ಲಿ ಕೂತ. ಮಾವನ ಮಾತೆಲ್ಲ ಕೇಳಿದ. ಕಣ್ಣು ಕೆಂಡವಾಯಿತು.

“ಹೇಳಿ ಮಾವ. ನಾಳೆ ಪಲ್ಲಕ್ಕೀನ ಬೆಟ್ಟದಿಂದ ಕೆಳಕ್ಕೆ ಉರುಳಿಸ್ತೀನಿ.”

“ಬೇಡಪ್ಪ,” ಅಂದ ಕೆಂಚಯ್ಯ. “ಉರುಳಿಸಿದ್ರೆ ಅವನು ಒಳ್ಳೇ ದೊರೆ ಅಂತಾನೇ ಸಾಯ್ತಾನೆ. ಜನ ಅವನಿಗಾಗಿ ಅಳ್ತಾರೆ. ನಾವು ಹೇಳಿದ್ರೆ ಯಾರು ನಂಬ್ತಾರೆ? ಅವನ ಬಾಯಿಂದಾನೇ ಗೊತ್ತಾಗಬೇಕು.”

ವರ್ಷ ತಿರುಗಿತು. ನೇರಳೆಹೊಳೆಯ ದಡದಲ್ಲಿ ಈಗ ಒಂದು ಕಪ್ಪೆಯೂ ವಟಗುಟ್ಟುವುದಿಲ್ಲ. ಕೆಂಚಯ್ಯ ಯಾರಿಗೂ ಹೇಳದೆ ಬೆಟ್ಟ ಹತ್ತಿದ. ಎಲ್ಲಿಂದ ಬರುತ್ತದೋ ಯಾರಿಗೂ ಗೊತ್ತಿಲ್ಲ ಅಂದೆನಲ್ಲ, ಆ ಮೂರನೇ ಹೊಳೆಯ ಹತ್ತಿರ ಹೋಗಿ ಕೂತ. ಅದನ್ನು ಅವನ ತಾತ ತೋರಿಸಿದ್ದ. ಸುಮ್ಮನೆ ನೋಡುತ್ತಿದ್ದರೆ ಸಾಕು, ಹೊಟ್ಟೆ ತಣ್ಣಗಾಗುವಂಥ ನೀರು. ಅಲ್ಲಲ್ಲಿ ಮೀನು ಎದ್ದು ಬಂದು ನೊಣ ಹಿಡಿದು ಮತ್ತೆ ಕೆಳಗಿಳಿಯುತ್ತಿದ್ದವು.

ಮತ್ತಿಮರದ ಕೊಂಬೆಯ ಮೇಲೆ ಮಿಂಚುಳ್ಳಿ ಕೂತಿತ್ತು. ಒಂಟಿ ಹಕ್ಕಿ.

“ಇದನ್ನೂ ಆರಿಸೋಕೆ ಬಂದ್ಯಾ ಕೆಂಚಣ್ಣ?” ಅಂದಿತು. “ನನ್ನ ಮರಿಗಳು ಅಲ್ಲೇ ಹೋದವು. ಇನ್ನು ಹಾರಿಹೋಗೋಕೆ ನಂಗೆ ಬೇರೆ ಹೊಳೆಯಿಲ್ಲ.”

ಕೆಂಚಯ್ಯ ಹಕ್ಕಿಗೆ ಕೈ ಮುಗಿದ. “ನನ್ನದೂ ಅಲ್ಲೇ ಹೋಯ್ತು ಕಣವ್ವ,” ಅಂದ. “ನಿನ್ನ ಮಾತು ನಾನು ಕೇಳಲಿಲ್ಲ. ಈಗ ಕೇಳೋಕೆ ಬಂದಿದೀನಿ. ಇದನ್ನ ಆರಿಸೋಲ್ಲ. ಇದನ್ನ ಬಚ್ಚಿಡೋದು ಹೆಂಗೆ ಅಂತ ಹೇಳು.”

ಹಕ್ಕಿಯೂ ಅವನೂ ಸಂಜೆಯ ತನಕ ಮಾತಾಡಿದರು. ಏನು ಮಾತಾಡಿದರು ಅನ್ನುವುದು ಈಗ ನಿಮಗೇ ಗೊತ್ತಾಗುತ್ತದೆ.

ದೊರೆಯ ಕರೆ ಬಂತು. ಕೆಂಚಯ್ಯ ಹೋಗಿ ಕೈಮುಗಿದು ನಿಂತ.

“ಬುದ್ಧೀ, ಅತ್ತು ಅತ್ತು ನನ್ನ ಕಣ್ಣು ಮಂಜಾಗಿದೆ. ಹೊಳೆ ಆರಿಸೋ ಕಣ್ಣಲ್ಲ ಇದು. ಈ ಸಲ ತಾವೇ ಆರಿಸಬೇಕು. ದಾರಿ ಬೇಕಾದ್ರೆ ತೋರಿಸ್ತೀನಿ.”

ದೊರೆಗೆ ಇದು ಇನ್ನೂ ಚೆನ್ನಾಯಿತು. ಮೀನು ಹಿಡಿಯುವವನೂ ತಾನೇ, ಹೊಳೆ ಆರಿಸುವವನೂ ತಾನೇ! ಇಂಥ ದೊರೆ ಹಿಂದೆ ಇದ್ದನೇ? ಮೀಸೆ ತಿರುವಿ, “ಆಗಲಿ, ನನಗಿಂತ ಚೆನ್ನಾಗಿ ಯಾರು ಆರಿಸ್ತಾರೆ?” ಅಂದ.

ಜವರ ಮತ್ತು ಅವನ ಬೋಯಿಗಳು ಪಲ್ಲಕ್ಕಿ ಎತ್ತಿದರು. ಪರದೆ ಇಳಿಬಿಟ್ಟರು. ಬೆಟ್ಟ ಸುತ್ತಿದರು, ಕಣಿವೆ ಸುತ್ತಿದರು, ಮತ್ತೆ ಬೆಟ್ಟ ಸುತ್ತಿದರು. ದೊರೆ ಒಳಗೆ ಎಲೆ ಅಡಿಕೆ ಜಗಿಯುತ್ತಾ ನಿದ್ದೆ ಹೊಡೆದ. ಮೊದಲು ಒಂದು ತೊರೆಯ ಹತ್ತಿರ ಇಳಿಸಿದರು. ದೊರೆ ಪರದೆ ಸರಿಸಿ, “ಥೂ, ಇದೇನೋ ಚರಂಡಿ!” ಅಂದ. ಆಮೇಲೆ ಒಂದು ಕೆಸರು ಹಳ್ಳದ ಹತ್ತಿರ ಇಳಿಸಿದರು. “ಥೂ, ಎಮ್ಮೆ ಬಿದ್ದೇಳೋ ಜಾಗ!” ಅಂದ. ಮೂರನೆಯ ಕಡೆ ಇಳಿಸಿದಾಗ ದೊರೆ ಪರದೆ ಸರಿಸಿದವನೇ ಎದ್ದು ಹೊರಗೆ ಬಂದ.

ಎದುರಿಗೆ ಅಗಲವಾದ ಹೊಳೆ. ನೀರು ತಿಳಿ ಅಂದರೆ ತಿಳಿ, ತಳದ ಕಲ್ಲೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಯಾಕೆ ಅಷ್ಟು ತಿಳಿ? ಕದಡುವುದಕ್ಕೆ ಅದರಲ್ಲಿ ಒಂದೂ ಜೀವ ಇರಲಿಲ್ಲ. ಅದು ಸೀಗೆಹೊಳೆ. ಎರಡು ವರ್ಷದ ಕೆಳಗೆ ದೊರೆ ತಾನೇ ಬಾಚಿ ಬಾಚಿ ಬುಟ್ಟಿಗೆ ತುಂಬಿದ ಹೊಳೆ. ಈಗ ಆಚೆ ದಡದಿಂದ ನೋಡುತ್ತಿದ್ದ, ಅಷ್ಟೇ ವ್ಯತ್ಯಾಸ. ಹೊಳೆಯನ್ನು ಯಾವತ್ತೂ ಕಣ್ಣಿಟ್ಟು ನೋಡದವನಿಗೆ ಗುರುತು ಹೇಗೆ ಸಿಗಬೇಕು? ಪಲ್ಲಕ್ಕಿಯ ಹಿಂದೆ ಮೂಟೆ ಹೊತ್ತು ಬಂದ ಮಾಚಿಗನಿಗೂ ಸಿಗಲಿಲ್ಲ.

“ಆಹಾ! ಇದೇ! ಇದಕ್ಕಿಂತ ಒಳ್ಳೇ ಹೊಳೆ ಇಲ್ಲ!”

“ಒಂದು ಕಲ್ಲು ಎತ್ತಿ ನೋಡಿ ಬುದ್ಧೀ,” ಅಂದ ಕೆಂಚಯ್ಯ.

“ಬೇಕಿಲ್ಲ.”

“ಒಂದು ಹಿಡಿ ಅರಳು ಬಿಟ್ಟು ನೋಡಿ.”

“ಬೇಕಿಲ್ಲ ಅಂದೆನಲ್ಲ.”

“ಹೋಗಲಿ, ಹಕ್ಕಿ ಬರೋ ತನಕ ಕೂತ್ಕೊಳ್ಳಿ ಬುದ್ಧೀ.”

“ಏನೋ ನಿಂದು! ದೊರೆ ಹಕ್ಕಿಗೆ ಕಾಯ್ತಾನೇನೋ?”

ಕೆಂಚಯ್ಯ ತಲೆ ತಗ್ಗಿಸಿದ. ಮೂರು ಸಲ ಕೇಳಿದ್ದ. ಇನ್ನು ಕೇಳುವುದು ಅವನ ಕೆಲಸವಲ್ಲ.

ದಡದಲ್ಲಿ ಜನ ಸೇರಿದರು. ಸೀಗೆಹೊಳೆಯ ಕೆಳಗಿನ ಊರುಗಳ ಹೆಂಗಸರು ಸಾಲಾಗಿ ಬಂದು ನಿಂತರು. ಎಲ್ಲರ ಸೊಂಟದಲ್ಲೂ ಬಿಂದಿಗೆ. ಎಲ್ಲ ಬಿಂದಿಗೆಯೂ ಬೋರಲು. ಜವರ ಮೊದಲೇ ಊರೂರಿಗೆ ಹೋಗಿ, ದನ ಕಟ್ಟಿಹಾಕಿ, ಬಾವಿಯ ನೀರು ತುಂಬಿಟ್ಟುಕೊಳ್ಳಿ, ಹೊಳೆಗೆ ಬಿಂದಿಗೆ ಅದ್ದಬೇಡಿ ಅಂತ ಹೇಳಿ ಬಂದಿದ್ದ. ದೊರೆ ಬಿಂದಿಗೆಯನ್ನು ನೋಡಲಿಲ್ಲ. ಜನ ಎಷ್ಟಿದ್ದಾರೆ ಅಂತ ಮಾತ್ರ ನೋಡಿದ.

ಹೊಳೆ ಆರಿಸಿದವನು ದೊರೆ. ಹಾಗಾಗಿ ಮೊದಲ ಬೊಗಸೆ ದೊರೆಯದು. ಎಲ್ಲರಿಗೂ ಕಾಣುವ ಹಾಗೆ ಎತ್ತಿ, ಗಟಗಟ ಕುಡಿದು, “ಅಮೃತ!” ಅಂದ. ಕೊಂಬು ಊದಿದರು. ಮೇಲಿನ ತಿರುವಿನಲ್ಲಿ ಕಾದಿದ್ದ ಮಾಚಿಗ ಮೂಟೆ ಬಿಚ್ಚಿದ. ಗರಿಗಾಳ ನೀರಿಗೆ ಬಿತ್ತು.

ಸ್ವಲ್ಪ ಹೊತ್ತಾಯಿತು. ಏನೂ ತೇಲಿಬರಲಿಲ್ಲ. ದೊರೆ ಇನ್ನೊಂದು ಸಲ ಬಡಿದ. ಏನೂ ಇಲ್ಲ. ಮತ್ತೊಂದು ಸಲ ಬಡಿದ. ಒಂದು ತರಗೆಲೆ ತೇಲಿ ಬಂದು ಅವನ ಮೊಣಕಾಲು ಸುತ್ತಿ ಮುಂದಕ್ಕೆ ಹೋಯಿತು. ದೊರೆಯ ಹಣೆ ಬೆವರಿತು. ಗಾಳ ಎತ್ತಿ, “ಈ ವರ್ಷ ಹೊಳೆಗೆ ಮನಸ್ಸಿಲ್ಲ. ನಡೀರಿ ಹೋಗೋಣ” ಅಂದ.

ಕೆಂಚಯ್ಯ ಎದುರಿಗೆ ಬಂದು ನಿಂತ.

“ಗಾಳ ಎತ್ತಿದ ಮೇಲೆ ಎರಡನೇ ಬೊಗಸೆ ಬುದ್ಧೀ. ಹೊಳೆ ಆರಿಸಿದವರು ಕುಡೀಬೇಕು.”

“ಬಾಯಾರಿಕೆ ಇಲ್ಲ ಕಣೋ.”

ಜವರ ಪಲ್ಲಕ್ಕಿಯ ಪಕ್ಕದಿಂದ ಮುಂದೆ ಬಂದ. “ಎರಡನೇ ಬೊಗಸೆ, ಬುದ್ಧೀ.”

“ಹೊತ್ತಾಯ್ತು. ಪಲ್ಲಕ್ಕಿ ಎತ್ತು.”

ದಡದ ಹೆಂಗಸರಲ್ಲಿ ಒಬ್ಬಳು, ಕೂಸು ಕಳೆದುಕೊಂಡವಳು, ಬಿಂದಿಗೆಯನ್ನು ನೆಲಕ್ಕಿಟ್ಟು ಕೂಗಿದಳು, “ನಮ್ಮ ಮಕ್ಳು ಕುಡಿದ ನೀರು ಕಣಪ್ಪ. ದೊರೆ ಒಂದು ಬೊಗಸೆ ಕುಡೀಲಿ.”

ಎಲ್ಲರೂ ನೋಡುತ್ತಿದ್ದರು. ದೊರೆ ಬಗ್ಗಿದ. ಬೊಗಸೆ ತುಂಬಿಕೊಂಡ. ಬಾಯಿಯ ಹತ್ತಿರ ತಂದ. ಮೂಗಿಗೆ ಕಹಿ ವಾಸನೆ ಬಡಿಯಿತು. ಬೊಗಸೆ ತಾನಾಗಿ ಬಿಚ್ಚಿಕೊಂಡಿತು, ನೀರು ಬೆರಳ ಸಂದಿಯಿಂದ ಇಳಿದುಹೋಯಿತು. ಕೆಂಚಯ್ಯ ಅದನ್ನೇ ನೋಡುತ್ತಿದ್ದ. ನೀರು ಹಾಗೆ ಇಳಿಯುವುದನ್ನು ಅವನು ಮೊದಲೂ ನೋಡಿದ್ದ.

ಅದೇ ಹೊತ್ತಿಗೆ ಮೇಲಿನ ತಿರುವಿನಿಂದ ಮಾಚಿಗ ಏದುಸಿರು ಬಿಡುತ್ತಾ ಓಡಿ ಬಂದ. ಅಂಗೈ, ಪಂಚೆ, ಮೀಸೆಗೆಲ್ಲ ಪುಡಿ ಮೆತ್ತಿತ್ತು. ಜನ ನಿಂತದ್ದನ್ನೂ ಗಮನಿಸದೆ ಒದರಿದ, “ಬುದ್ಧೀ! ಇದ್ದಬದ್ದ ನಂಜೆಲ್ಲ ಸುರಿದೆ, ಒಂದು ಮೀನೂ ತೇಲ್ತಿಲ್ಲವಲ್ಲ!”

ಜನ ಮಾಚಿಗನ ಕೈಯ ಪುಡಿ ನೋಡಿದರು, ದೊರೆಯ ಮುಖ ನೋಡಿದರು.

“ತೇಲೋದು ಎಲ್ಲಿಂದ?” ಅಂದ ಕೆಂಚಯ್ಯ. ಗಟ್ಟಿಯಾಗೇನೂ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. “ಇದು ಸೀಗೆಹೊಳೆ ಬುದ್ಧೀ. ಇದರಲ್ಲಿದ್ದದ್ದನ್ನೆಲ್ಲ ನೀವು ಆವತ್ತೇ ಕೊಂದ್ರಿ. ಒಳ್ಳೇ ಹೊಳೆ ಅಂತ ಇವತ್ತು ನೀವೇ ಆರಿಸಿದ್ದು, ನೀವೇ ಕೊಂದ ಹೊಳೇನ.”

ಯಾರೂ ದೊರೆಯ ಮೇಲೆ ಕೈ ಎತ್ತಲಿಲ್ಲ. ದೊರೆ ಹೋಗಿ ಪಲ್ಲಕ್ಕಿಯಲ್ಲಿ ಕೂತ. ಬೋಯಿಗಳು ಎತ್ತಲಿಲ್ಲ. “ಎತ್ರೋ!” ಅಂದ. ಎತ್ತಲಿಲ್ಲ. ಕಾವಲಿನವರ ಕಡೆ ನೋಡಿದ. ಅವರ ಮನೆಗಳೂ ಹೊಳೆಯ ದಡದಲ್ಲೇ ಇದ್ದವು. ಅವರು ಬೇರೆ ಕಡೆ ಮುಖ ತಿರುಗಿಸಿದರು. ಆಗ ಆ ಕೂಸು ಕಳೆದುಕೊಂಡವಳೇ ತೀರ್ಪು ಹೇಳಿದಳು.

“ಈ ಹೊಳೇಲಿ ಮಿಂಚುಳ್ಳಿ ಮತ್ತೆ ಮುಳುಗಿ ಮೀನು ತರೋ ತನಕ ನೀನು ಇಲ್ಲೇ ಇರ್ತೀಯ. ಈ ನಂಜು ತೊಳೆದುಹೋದ ಮೇಲೆ ನೀನು ಕುಡಿಯೋ ನೀರೂ ಇದೇ.”

ಹಾಗೇ ಆಯಿತು. ಪಟ್ಟಕ್ಕೆ ಅವನ ತಂಗಿಯನ್ನು ಕೂರಿಸಿದರು. ಬೊಪ್ಪರಸ ಮತ್ತು ಮಾಚಿಗ ಸೀಗೆಹೊಳೆಯ ದಡದಲ್ಲಿ ಗುಡಿಸಲು ಹಾಕಿಕೊಂಡರು. ತಾನು ಕುಡಿಯುವ ನೀರು ಅಂತಾದ ಮೇಲೆ ನೋಡಿ, ದೊರೆಗೆ ಹೊಳೆಯ ಒಂದೊಂದು ಕಲ್ಲೂ ಗುರುತು ಸಿಕ್ಕಿತು! ಬೆನ್ನು ಬಗ್ಗಿಸಿ ಕೊಳೆ ಬಾಚಿದ, ದಡಕ್ಕೆ ಗಿಡ ನೆಟ್ಟ, ದಿನವೂ ಕಲ್ಲು ಎತ್ತಿ ಅದರ ಹೊಟ್ಟೆ ನೋಡಿದ. ಅಲ್ಲಿ ಮೊದಲ ಹುಳು ಕಾಣಿಸುವ ಹೊತ್ತಿಗೆ ಅವನ ಮೀಸೆ ನರೆತಿತ್ತು.

ದೊರೆ ಸಿಕ್ಕಿಬಿದ್ದ ಅಂತ ಜನ ಖುಷಿಪಟ್ಟರು. ಜವರನನ್ನು ಹೊತ್ತು ಕುಣಿದರು. ಕೆಂಚಯ್ಯನನ್ನೂ ಹೊರಲು ಬಂದರು. ಅವನು ಕೈ ಮುಗಿದು ಬೇಡ ಅಂದ. ಗೆದ್ದದ್ದು ಹೌದು, ಆದರೆ ಗೆದ್ದು ಮನೆಗೆ ಹೋದರೆ “ಅಪ್ಪಯ್ಯ ಬಂದ್ಯಾ” ಅನ್ನುವವರು ಯಾರಿದ್ದಾರೆ? ಸಂತೋಷ ಬರಲಿ ಅಂತ ಸ್ವಲ್ಪ ಹೊತ್ತು ಕಾದ ಪಾಪ. ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎದ್ದು, ಮಡಿಲಿನಲ್ಲಿ ಒಂದು ಗಂಟು ಕಟ್ಟಿಕೊಂಡು, ಒಬ್ಬನೇ ಬೆಟ್ಟ ಹತ್ತಿ ಆ ಮೂರನೇ ಹೊಳೆಗೆ ಹೋದ. ಗಂಟು ಬಿಚ್ಚಿದ. ಒಳಗಿದ್ದದ್ದು ಪುಟ್ಟೀರಿಯ ಹಸಿರು ಬಳೆ. ಒಂದೊಂದನ್ನೇ ಮತ್ತಿಮರದ ಬಗ್ಗಿದ ಕೊಂಬೆಗೆ ಪೋಣಿಸಿದ. ಗಾಳಿ ಬಂದಾಗ ಬಳೆ ಘಲ್ ಅಂದವು.

“ಯಾರ ಬಳೆ ಕೆಂಚಣ್ಣ?” ಅಂದಿತು ಮಿಂಚುಳ್ಳಿ.

“ನನ್ನ ಮಗಳದು ಕಣವ್ವ. ಹೊಳೆಗೆ ತೊಡಿಸಿದೀನಿ. ಈ ನೀರಲ್ಲಿ ಮೀನು ಬಸುರಾಗ್ತಾವೆ, ಮರಿ ಮಾಡ್ತಾವೆ. ಬಳೆ ಇರೋ ಕಡೆ ಯಾರೂ ಗಾಳ ಹಾಕಬಾರದು ಅಂತ ನಮ್ಮ ಬೆಸ್ತರಿಗೆಲ್ಲ ಹೇಳ್ತೀನಿ.”

ಆಮೇಲೆ ನೀರಿಗಿಳಿದ. ಒಂದು ಬೊಗಸೆ ಕುಡಿದ. ಇನ್ನೊಂದು ಬೊಗಸೆ ತುಂಬಿಕೊಂಡು ಬಹಳ ಹೊತ್ತು ಹಾಗೇ ಹಿಡಿದು ನಿಂತ. ಒಂದು ಹನಿಯೂ ಚೆಲ್ಲದ ಹಾಗೆ ಬೆರಳು ಬಿಗಿದುಕೊಂಡಿದ್ದ.

“ಇದು ನನ್ನ ಪಾಲಿಂದು ಮಗಳೇ,” ಅಂದ. “ನಾನೇ ಕುಡೀಬೇಕಾಗಿದ್ದು.”

ಕುಡಿದ. ನೀರು ಸಿಹಿಯಾಗಿತ್ತು. ಸಿಹಿಯಾಗಿದೆ ಅಂತಲೇ ಅವನು ಅಳುತ್ತಾ ಅಲ್ಲೇ ಕೂತ.

ನೋಡಿ ಮಕ್ಕಳೇ, ಕಥೆಯ ನೀತಿ ಇಷ್ಟು. ತಾನು ಕುಡಿಯಲಾರದ ನೀರನ್ನು ಯಾರೂ ಇನ್ನೊಬ್ಬರ ಹೊಳೆಗೆ ಬಿಡಬಾರದು. ಬಿಟ್ಟವನ ಬಾಯಿಗೇ ಒಂದು ದಿನ ಆ ಬೊಗಸೆ ಬರುತ್ತದೆ. ಇದು ದೊರೆಗೆ ಹೇಳಿದ್ದು. ಕೆಂಚಯ್ಯನಂಥ ನಮಗೂ ಒಂದು ಮಾತಿದೆ. ಒಳ್ಳೆಯದನ್ನು ಗುರುತಿಸುವ ಕಣ್ಣು ಇದ್ದರೆ ಸಾಲದು, ಅದನ್ನು ಯಾರ ಕೈಗೆ ಕೊಡುತ್ತಿದ್ದೇನೆ ಅಂತಲೂ ನೋಡಬೇಕು. ಹೊಗಳಿಕೆ ಕೇಳಿ ಬೊಗಸೆ ಚೆಲ್ಲಿದರೆ, ಅದನ್ನು ಕುಡಿಯುವುದು ನಮ್ಮ ಮಕ್ಕಳು.

ಏನು? ಆ ಮೂರನೇ ಹೊಳೆಯ ಹೆಸರೇನು ಅಂತ ಕೇಳುತ್ತೀರಾ? ನನಗೆ ಗೊತ್ತು. ಹೇಳುವುದಿಲ್ಲ. ಯಾವುದಾದರೂ ಹೊಳೆಯ ದಡದಲ್ಲಿ, ಮರದ ಕೊಂಬೆಯಲ್ಲಿ ಹಸಿರು ಬಳೆ ಕಂಡರೆ, ಸದ್ದು ಮಾಡದೆ ಎರಡು ಬೊಗಸೆ ಕುಡಿದು ಬಂದುಬಿಡಿ. ಬಂದ ಮೇಲೆ ಯಾರಿಗೂ ಹೇಳಬೇಡಿ.